ಕಂಪ್ಯೂಟರಿಗೆ ಮಾತು ಬಂತಾ?

ನಮ್ಮ ಇತಿಹಾಸದ ಮೇಡಂಗೆ ಬೆಳಿಗ್ಗೆ ಬಂದ ಕೂಡಲೇ ನಮಸ್ಕಾರ ಹೇಳಿದರೆ ಉತ್ತರ ಬರುತ್ತಿರಲಿಲ್ಲ. ಹೊಸಬರು ಅದನ್ನು ಗರ್ವ ಎಂದುಕೊಳ್ಳುತ್ತಿದ್ದರು. ವಿದ್ಯಾರಣ್ಯಪುರಂನ ಆ ಕಾಲೇಜಿಗೆ ವಾಣಿಜ್ಯಶಾಸ್ತ್ರ ಪಾಠ ಮಾಡಲು ಸೇರಿದ ಹೊಸತರಲ್ಲಿ ನಾನೂ ಹಾಗೇ ಎಂದುಕೊಂಡು ಮುಖ ಊದಿಸಿಕೊಂಡಿದ್ದೆ. ಅವರು ಸ್ಟಾಫ್ ರೂಮಿಗೆ ಬಂದು, ಬಿಳಿ ಕೋಲನ್ನು ಮಡಿಸಿ ಚೀಲಕ್ಕೆ ತುರುಕಿ, ಚೀಲವನ್ನು ಕುರ್ಚಿಗೆ ನೇತುಹಾಕಿ, ಕಂಪ್ಯೂಟರ್ ಆನ್ ಮಾಡಿ, ತಲೆಯನ್ನು ಎಡಕ್ಕೆ ವಾಲಿಸಿಕೊಂಡು ಕೂತುಬಿಡುತ್ತಿದ್ದರು. ಆಗ ಯಾರು ಏನು ಹೇಳಿದರೂ ಕಿವಿಗೆ ಹೋಗುತ್ತಿರಲಿಲ್ಲ. ಮೇಜಿನ ಮೇಲಿದ್ದ ಅಂಗೈಯಗಲದ ಸ್ಪೀಕರಿನಿಂದ ಗಡಸು ದನಿಯೊಂದು ಗಡಗಡನೆ ಮಾತಾಡಲು ಶುರುಮಾಡಿದ ಮೇಲೆಯೇ ಅವರ ಭುಜ ಇಳಿಯುತ್ತಿದ್ದುದು. "ಹ್ಞಾಂ, ಬಂತು. ಈಗ ಹೇಳಿ ನಿಮ್ಮ ನಮಸ್ಕಾರ," ಎನ್ನುತ್ತಿದ್ದರು.

ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದ ಆ ದನಿಯೇ ಅವರಿಗೆ ಪುಟ, ಪೆನ್ನು, ಕನ್ನಡಕ ಎಲ್ಲವೂ. ದನಿ ನಿಂತರೆ ಕಂಪ್ಯೂಟರು ಸುಮ್ಮನೆ ಬಿಸಿಯಾಗುವ ತಗಡಿನ ಡಬ್ಬಿ. ದನಿ ಹೊರಗೆ ಬರಬೇಕಾದರೆ ಒಳಗಿರುವ ಧ್ವನಿಯ ಭಾಗಕ್ಕೆ ತಕ್ಕ ಡ್ರೈವರ್ ಇರಬೇಕು. ಡ್ರೈವರ್ ಎಂದರೆ ಆ ಭಾಗವನ್ನು ನಡೆಸುವ ಸಣ್ಣ ತಂತ್ರಾಂಶ; ಅದು ಯಾವ ಭಾಗ ಎಂದು ತಿಳಿಯದೆ ಹಾಕಿದರೆ ಕೆಲಸ ಮಾಡುವುದಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಅವರಿಂದಲೇ. ಅದಕ್ಕೂ ಮೊದಲು ನನ್ನ ಪಾಲಿಗೆ ಕಂಪ್ಯೂಟರಿನ ಸದ್ದೆಂದರೆ ಹಳೆಯ ಚಿತ್ರಗೀತೆ ಮಾತ್ರ.

ಹೆದರುವ ಸ್ವಭಾವ ಅವರದು. ತರಗತಿಯಲ್ಲಿ ನಿಂತರೆ ಹಿಂದಿನ ಬೆಂಚಿನ ಪಿಸುಮಾತನ್ನೂ ಹಿಡಿದು ನೀರಿಳಿಸುವ ಹೆಂಗಸು, ಕಂಪ್ಯೂಟರಿನ ಮುಂದೆ ಕೂತರೆ ಕಾಯಿಲೆ ಮಗುವಿನ ತಾಯಿಯಾಗುತ್ತಿದ್ದರು. ಆಗಾಗ ಡಬ್ಬಿಯ ಬೆನ್ನಿಗೆ ಅಂಗೈ ಇಟ್ಟು ಶಾಖ ನೋಡುತ್ತಿದ್ದರು. 'ಅಪ್‌ಡೇಟ್' ಎಂಬ ಪದ ಕೇಳಿದರೇ ಬೆವರುತ್ತಿದ್ದರು. ಒಂದು ಭಾನುವಾರ ನಾನು ದೋಸೆ ಹುಯ್ಯುವಾಗ ಫೋನ್ ಬಂತು. "ಮನೇಲಿರೋದು ಅಪ್‌ಡೇಟ್‌ಗೆ ಹೋಗ್ಬುಟ್ಟಿದೆ ಕಣಮ್ಮ. ಮುಗೀತೋ, ಅರ್ಧಕ್ಕೆ ನಿಂತೋಯ್ತೋ ಗೊತ್ತಾಗ್ತಿಲ್ಲ. ಫ್ಯಾನ್ ತಿರುಗ್ತಾ ಅದೆ. ನಮ್ಮ ತಂಗಿ ಬೇರೆ ಮದುವೆಗೆ ಹೋಗವ್ಳೆ." ಕುವೆಂಪುನಗರದ ಅವರ ಮನೆ ನಮ್ಮ ಮನೆಯಿಂದ ದೂರವೇನಲ್ಲ. ಬೈದುಕೊಂಡೇ ಸ್ಕೂಟರ್ ತೆಗೆದೆ. ಹೋಗಿ ನೋಡಿದರೆ ಪರದೆಯ ಮೇಲೆ 'ಸ್ವಾಗತ' ಎಂದು ಬರೆದಿತ್ತು. ಅವರು ಗಾಳಿಗೆ ಸೆರಗು ಬೀಸಿಕೊಳ್ಳುತ್ತ ಕೂತಿದ್ದರು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಭಯವೇ ಎಂದು ನನಗೆ ಆಗ ನಗು ಬಂದಿತ್ತು.

ಊರು ನಂಜನಗೂಡಿನ ಕಡೆ, ಒಕ್ಕಲು ಮನೆತನ. ಪಾಠದಲ್ಲಿ ಅಚ್ಚುಕಟ್ಟಾದ ಪುಸ್ತಕದ ಕನ್ನಡ ಆಡುತ್ತಿದ್ದರು. ಎದೆ ಹೊಡೆದುಕೊಳ್ಳತೊಡಗಿದರೆ ಮಾತ್ರ ಊರಿನ ಮಾತು ಹೊರಬೀಳುತ್ತಿತ್ತು, 'ಹ'ಕಾರ ಮಾಯವಾಗುತ್ತಿತ್ತು. "ಎಂಗೆ ಮಾಡದು" ಎಂದರೆ ಪರಿಸ್ಥಿತಿ ಕೈ ಮೀರಿದೆ ಎಂದು ನಮಗೆ ತಿಳಿಯುತ್ತಿತ್ತು. ಅವರು ದೇವತೆಯೇನಲ್ಲ. ಫ್ಯಾನ್ ಜೋರಾಗಿಟ್ಟರೆ ಜಗಳ, ಕುರ್ಚಿಯನ್ನು ಗೇಣು ಸರಿಸಿದರೆ ಜಗಳ. ಯಾರ ಡಬ್ಬಿಯಲ್ಲಿ ಕೋಡುಬಳೆ ಇದೆ ಎಂದು ಅದು ತೆರೆಯುವ ಮೊದಲೇ ಗೊತ್ತಾಗಿ, ಕೇಳದೆ ಕೈ ಹಾಕುತ್ತಿದ್ದರು. ಕೆಲವರಿಗೆ ಹಿಂದಿನಿಂದ ಬಂದು "ನಾನ್ಯಾರು ಹೇಳಿ ನೋಡೋಣ ಮೇಡಂ" ಎನ್ನುವ ಚಟವಿರುತ್ತದಲ್ಲ, ಅಂಥವರಿಗೆ "ಯಾರೋ ಕೆಲಸ ಇಲ್ದೋರು" ಎಂದು ಹೇಳಿ ಮುಗಿಸುತ್ತಿದ್ದರು.

ಯಂತ್ರದೊಳಗಿನ ಗುರುತಿಲ್ಲದ ಭಾಗವನ್ನು ಗುರುತು ಹಿಡಿಯುವುದನ್ನು ಅವರು ನನಗೆ ಶಾಸನ ಓದುವ ಹಾಗೆ ಕಲಿಸಿದ್ದರು. ಪ್ರತಿ ಭಾಗಕ್ಕೂ ಅದರೊಳಗೇ ಒಂದು ಗುರುತಿನ ಸಾಲು ಇರುತ್ತದೆ. ಅಕ್ಷರ, ಅಂಕಿ ಬೆರೆತ ಉದ್ದನೆಯ ಸಾಲು. "ನೋಡಿ, ಶಾಸನದಲ್ಲಿ ಮೊದಲು ವಂಶ ಹೇಳ್ತಾರೆ, ಆಮೇಲೆ ರಾಜನ ಹೆಸರು, ಆಮೇಲೆ ಯಾವ ಊರಿಗೆ ದಾನ ಕೊಟ್ಟ ಅಂತ. ಇಲ್ಲೂ ಅಂಗೇ. ಮೊದಲ ತುಂಡು ಮಾಡಿದ ಕಂಪನಿ, ಎರಡನೇದು ಭಾಗದ ಹೆಸರು, ಕೊನೇದು ಯಾರ ಬೋರ್ಡಿನ ಮೇಲೆ ಕೂತಿದೆ ಅನ್ನೋದು. ಕೊನೇ ತುಂಡನ್ನ ಬಿಟ್ಟು ಓದ್ಬೇಡಿ. ಎಲ್ಲರೂ ಅಲ್ಲೇ ಎಡವೋದು." ಡಬ್ಬಿಯ ಮೇಲೆ ಅಂಟಿಸಿದ ಹೆಸರನ್ನು ಅವರು ನಂಬುತ್ತಲೇ ಇರಲಿಲ್ಲ. ಅದು ಯಾರು ಬೇಕಾದರೂ ಬರೆಸಿ ನೇತುಹಾಕಬಹುದಾದ ಬೋರ್ಡು ಎನ್ನುತ್ತಿದ್ದರು.

ಇನ್ನು ಆ ದಿನದ ವಿಷಯ ಹೇಳದೆ ಅವರ ಬಗ್ಗೆ ಬರೆಯುವುದರಲ್ಲಿ ಅರ್ಥವಿಲ್ಲ.

ಕಾಲೇಜಿನಲ್ಲಿ ಅವರಿಗೆ ಬಹಳ ಕಾಲ ಸುಲಭದ ಕೆಲಸಗಳನ್ನೇ ಕೊಟ್ಟು ಕೂರಿಸಿದ್ದರು. ಸ್ವಾಗತ ಭಾಷಣ, ವಂದನಾರ್ಪಣೆ, ಅಂಥವು. ಹಿರಿತನದ ಮೇಲೆ ಕೊನೆಗೂ ಪರೀಕ್ಷಾ ವಿಭಾಗದ ಹೊಣೆ ಅವರ ಕೈಗೆ ಬಂತು. ಅದಾದ ಮೇಲೆ ಅವರ ನಡಿಗೆಯೇ ಬದಲಾಗಿತ್ತು. ಎರಡು ಸೆಮಿಸ್ಟರ್ ಒಂದು ತಪ್ಪೂ ಇಲ್ಲದೆ ನಡೆಯಿತು. ಆಮೇಲೆ ಒಂದು ಮೂಗರ್ಜಿ ಬಂತು: ಮೇಡಂ ತಮ್ಮ ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟು ಅಂಕ ತುಂಬಿಸುತ್ತಾರೆ, ಕಾಣದವರಿಗೆ ಇದು ಸಾಧ್ಯವೇ ಇಲ್ಲ ಎಂದು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು, ತಾವೇ ಬಂದು ನೋಡುತ್ತೇವೆ, ಒಂದು ತರಗತಿಯ ಆಂತರಿಕ ಅಂಕಗಳನ್ನು ಕಾಲೇಜಿನ ಕಂಪ್ಯೂಟರಿನಲ್ಲೇ, ಯಾರ ಸಹಾಯವೂ ಇಲ್ಲದೆ ತುಂಬಿ ತೋರಿಸಲಿ ಎಂದರು. ಆಗದಿದ್ದರೆ ಹೊಣೆ ಬೇರೆಯವರಿಗೆ.

ಮೇಡಂ ಇದಕ್ಕೆ ಹೆದರಲಿಲ್ಲ. ಬರಲಿ ಎಂದರು. ಹೆದರಿದ್ದು ಆ ದಿನ ಬೆಳಿಗ್ಗೆ.

ಹಿಂದಿನ ಸಂಜೆ ಸ್ಟಾಫ್ ರೂಮಿನ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸಿದ್ದರು. ಮೇಡಂ ಬಂದು, ತಮ್ಮ ಸ್ಪೀಕರ್ ಸಿಕ್ಕಿಸಿ, ಆನ್ ಮಾಡಿ, ಓದುವ ದನಿಯನ್ನು ಎಬ್ಬಿಸುವ ಗುಂಡಿಗಳನ್ನು ಒತ್ತಿ, ತಲೆ ಎಡಕ್ಕೆ ವಾಲಿಸಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಗೋಡೆಯ ಮೇಲಿನ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಕೋಣೆಯಲ್ಲಿ ಸದ್ದಿರಲಿಲ್ಲ. ಅವರ ಚೀಲದಲ್ಲಿ ಸದಾ ಇರುತ್ತಿದ್ದ, ಕಂಪ್ಯೂಟರಿಗೆ ಹೊರಗಿನಿಂದ ಚುಚ್ಚುವ ಸಣ್ಣ ಧ್ವನಿ ಸಾಧನವನ್ನೂ ಹಾಕಿ ನೋಡಿದರು. ಪೆನ್‌ಡ್ರೈವಿನಿಂದ ವೈರಸ್ ಬರುತ್ತದೆಂದು, ಕೀಬೋರ್ಡು ಮೌಸು ಬಿಟ್ಟು ಬೇರೇನನ್ನೂ ಒಪ್ಪದ ಹಾಗೆ ಆ ಯಂತ್ರಗಳನ್ನು ಸಿದ್ಧಮಾಡಿದ್ದರು. "ಮಾತು ಬಿದ್ದೋಗದೆ ಕಣಮ್ಮ," ಎಂದರು. ಪಾರ್ಶ್ವವಾಯು ಹೊಡೆದವರ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು.

ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿದೆ. ಮಂಡಕಳ್ಳಿಯ ಕಡೆಯವರು, ನಡುವಯಸ್ಸಿನ ಮನುಷ್ಯ, ಊರ ತುಂಬ ಆಫೀಸುಗಳ ಗುತ್ತಿಗೆ ಹಿಡಿದಿದ್ದವರು. ಬಂದು, ಪರಿಸ್ಥಿತಿ ಕೇಳಿ, ನಿಜವಾಗಿಯೂ ಆಶ್ಚರ್ಯಪಟ್ಟರು.

"ಸೌಂಡಾ? ಆಫೀಸ್ ಸಿಸ್ಟಮ್‌ಗೆ ನಾವು ಸೌಂಡ್ ಹಾಕೋದೇ ಇಲ್ಲ ಮೇಡಂ. ಹಾಕುದ್ರೆ ಹಾಡು ಕೇಳ್ಕಂಡು ಕೂತ್ಕತಾರೆ ಅಂತ ದೊಡ್ಡೋರು ಬೈತಾರೆ."

"ನಾನು ಹಾಡು ಕೇಳಕ್ಕೆ ಬಂದಿಲ್ಲಪ್ಪಾ. ಮೊದಲು ಅದಕ್ಕೆ ಮಾತು ಬರ್ಸಿ," ಎಂದರು ಮೇಡಂ.

ಪಾಪ, ಆತ ಕೆಟ್ಟವರಲ್ಲ. ಡಬ್ಬಿಯ ಮೇಲಿನ ಸ್ಟಿಕರಿನಲ್ಲಿದ್ದ ಕಂಪನಿ, ಮಾದರಿಯ ಹೆಸರು ನೋಡಿ, ಅದರ ಧ್ವನಿಯ ಡ್ರೈವರ್ ತಂದು ಹಾಕಿದರು. ಒಪ್ಪುವುದಿಲ್ಲ ಎಂದು ಯಂತ್ರ ಹಟ ಹಿಡಿದಾಗ ಬಲವಂತವಾಗಿ ಹಾಕಿದರು. ಭಾಗಗಳ ಪಟ್ಟಿಯಲ್ಲಿ ಗುರುತಿಲ್ಲದ ಭಾಗದ ಪಕ್ಕ ಇದ್ದ ಹಳದಿ ಗುರುತು ಮಾಯವಾಯಿತು. "ಆಯ್ತು ನೋಡಿ. ಹಳದಿ ಗುರುತು ಹೋಯ್ತು. ಸರಿಯಾಗಿ ಕೆಲ್ಸ ಮಾಡ್ತಾ ಇದೆ ಅಂತ ಅದೇ ಹೇಳ್ತಾ ಇದೆ."

"ಯಾರಿಗೆ ಹೇಳ್ತಾ ಇದೆ? ನನಗೆ ಕೇಳಿಸ್ತಿಲ್ವಲ್ಲ."

ಮೇಡಂ ಎದ್ದು ಡಬ್ಬಿಯ ಹಿಂಭಾಗದ ಮೇಲೆ ಬೆರಳಾಡಿಸಿದರು. "ಈ ಸ್ಟಿಕರ್ ಕಂಪನೀದು ನಮ್ಮನೇಲೂ ಅದೆ. ಹಿಂದೆ ತೂತುಗಳ ಸಾಲೇ ಬೇರೆ. ಇದು ಹಳೇ ಡಬ್ಬ, ಒಳಗಿನ ಬೋರ್ಡು ಬೇರೇದು. ಏಳಿ ನೀವು." ಆತನನ್ನು ಎಬ್ಬಿಸಿ ತಾವು ಕೂತರು. ಏನೂ ಕೇಳಿಸದಿದ್ದರೂ ಬಾಯಿಪಾಠದ ಮೇಲೆ ಗುಂಡಿ ಒತ್ತುತ್ತ ಭಾಗಗಳ ಪಟ್ಟಿಯನ್ನು ತೆರೆದರು. ನನ್ನ ಮೊಣಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. "ಮೌಸ್ ಮುಟ್ಬೇಡಿ. ಎಲ್ಲಿದೀನಿ ಹೇಳಿ ಸಾಕು."

ನಾನು ಹೇಳುತ್ತ ಹೋದೆ, ಅವರು ಒತ್ತುತ್ತ ಹೋದರು. ಗುರುತಿನ ಸಾಲು ಬಂತು. ಒಂದೊಂದೇ ಅಕ್ಷರ ಓದಿದೆ. ಅವರು ತಿರುಗಿ ಹೇಳಿದರು. ಮತ್ತೊಮ್ಮೆ ಓದಿಸಿದರು. ನನಗೆ ಗಡಿಯಾರದ ಚಿಂತೆ, ಅವರಿಗೆ ಕೊನೆಯ ತುಂಡಿನ ಚಿಂತೆ. "ಇನ್ನೊಂದ್ಸಲ, ಆ ಕೊನೇದು," ಎಂದರು. ರೇಗಿ ಹೋಯಿತು, ಆದರೂ ಓದಿದೆ. ತಮ್ಮ ಫೋನಿಗೆ ಆ ಸಾಲನ್ನು ಹೇಳಿ ಹುಡುಕಿಸಿ, ಫೋನು ಓದಿದ್ದನ್ನು ಕಿವಿಗೊಟ್ಟು ಕೇಳಿ, ಬೇಕಾದ ಡ್ರೈವರ್ ಯಾವುದೆಂದು ರಿಪೇರಿಯವರಿಗೆ ಹೇಳಿದರು. ಆತ ಅದನ್ನು ಇಳಿಸಲು ಹಚ್ಚಿದರು. ಕಾಲೇಜಿನ ಇಂಟರ್‌ನೆಟ್ ಗೊತ್ತಲ್ಲ, ಪರದೆಯ ಮೇಲಿನ ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು.

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದೇ ಬಂದರು. ಮಧ್ಯಾಹ್ನ ಬರಬೇಕಿದ್ದವರು ಊಟಕ್ಕೆ ಬೇರೆಲ್ಲೋ ಹೋಗಬೇಕಂತೆ, ಅದಕ್ಕೇ ಮೊದಲೇ ಬಂದರಂತೆ. ಜೊತೆಯಲ್ಲಿ ನಮ್ಮ ಪ್ರಾಂಶುಪಾಲರು. ವಿಷಯ ಹೇಳಿದೆ. ಕಾರ್ಯದರ್ಶಿಗಳು ನಕ್ಕರು. "ಸೌಂಡ್ ಇಲ್ಲ, ಕರೆಂಟ್ ಇಲ್ಲ, ಇದೆಲ್ಲ ಇದ್ದೇ ಇರುತ್ತೆ ಬಿಡಿ. ಆಗುತ್ತೋ ಇಲ್ವೋ ಅಷ್ಟು ಹೇಳಿ."

ಮೇಡಂ ಮುಖ ಬಿಳುಚಿಕೊಂಡಿತ್ತು. "ಶುರು ಮಾಡ್ತೀನಿ ಸಾರ್," ಎಂದರು.

ನನ್ನನ್ನು ದೂರ ಕೂರಿಸಿದರು. ಮೇಡಂ ಉಬ್ಬು ಚುಕ್ಕಿಗಳ ಹಾಳೆಯನ್ನು ಎಡಗೈಯಡಿ ಇಟ್ಟುಕೊಂಡರು. ಅದರಲ್ಲಿ ತರಗತಿಯ ಅಂಕಗಳಿದ್ದವು, ಹಾಜರಿಯ ಕ್ರಮದಲ್ಲಿ. ವಿಶ್ವವಿದ್ಯಾಲಯದ ಆ ಪುಟದಲ್ಲಿ ಎಷ್ಟು ಸಲ ಯಾವ ಗುಂಡಿ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ಎರಡು ಸೆಮಿಸ್ಟರಿನಲ್ಲಿ ಅವರ ಬೆರಳಿಗೆ ಅಂಟಿಕೊಂಡಿತ್ತು. ಎಡಗೈ ಚುಕ್ಕಿಗಳ ಮೇಲೆ ಸರಿಯುತ್ತಿತ್ತು, ಬಲಗೈ ಅಂಕಿ ಒತ್ತುತ್ತಿತ್ತು, ಮುಂದಿನ ಸಾಲಿಗೆ ಹಾರುತ್ತಿತ್ತು. ಏನೊಂದೂ ಕೇಳಿಸದೆ, ಏನೊಂದೂ ಕಾಣದೆ. ಕಾರ್ಯದರ್ಶಿಗಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಿಪೇರಿಯವರು ಉಸಿರು ಬಿಗಿಹಿಡಿದು ನಿಂತಿದ್ದರು. ನಾನಂತೂ ಹೆಮ್ಮೆಯಿಂದ ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಕೊನೆಯ ಸಾಲು ಮುಗಿಯಿತು. ಮೇಡಂ ಇನ್ನೊಮ್ಮೆ ಗುಂಡಿ ಒತ್ತಿ ಮುಂದಕ್ಕೆ ಹೋಗಿ, ಕೈ ಎತ್ತಿದರು.

"ಈಗ 'ಸೇವ್' ಮೇಲಿದೀನಿ ಸಾರ್. ಆದ್ರೆ ಒತ್ತಲ್ಲ."

"ಯಾಕೆ?"

"ತುಂಬಿದ್ದು ನನಗೆ ಕೇಳಿಸಿಲ್ಲ. ಕೇಳದೆ ಒತ್ತಲ್ಲ."

ಕಾರ್ಯದರ್ಶಿಗಳು ಈಗ ಪ್ರಸನ್ನರಾಗಿದ್ದರು. "ಅಯ್ಯೋ, ನಾವೇ ಕಣ್ಣಾರೆ ನೋಡಿದೀವಲ್ಲ ಮೇಡಂ! ನನಗೆ ಒಪ್ಪಿಗೆಯಾಯ್ತು. ಒತ್ತಿ, ಮುಗಿಸ್ಬಿಡಿ. ಚಾರ್ಜ್ ನಿಮ್ಮದೇ."

ಒತ್ತಿಬಿಡಿ ಮೇಡಂ, ಒತ್ತಿಬಿಡಿ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವರು ಆ ಹೊಣೆಗಾಗಿ ಎಷ್ಟು ವರ್ಷ ಕಾದಿದ್ದರೆಂದು ನನಗೆ ಗೊತ್ತಿತ್ತು. ಅವರು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ಎಂಗೆ ಒತ್ತದು ಸಾರ್? ಮಕ್ಕಳ ಅಂಕ."

"ಒಂದು ಗುಂಡಿ ಒತ್ತೋಕೆ ಏನ್ರೀ ಇಷ್ಟು?" ಅವರ ದನಿ ಬದಲಾಯಿತು. "ಹಾಗಾದ್ರೆ ಕೊನೆಗೆ ನಿಮ್ಮ ಕೈಲಾಗಲ್ಲ ಅಂತ ತಿಳ್ಕೊಳ್ಳಲಾ?"

"ಇವತ್ತು ಮಾತು ಬರದಿದ್ರೆ ಅಂಗೇ ತಿಳ್ಕಳಿ."

ಕಾರ್ಯದರ್ಶಿಗಳು ಎದ್ದರು. ಅದೇ ಹೊತ್ತಿಗೆ ರಿಪೇರಿಯವರು ಗಂಟಲು ಸರಿಮಾಡಿಕೊಂಡು, ಡ್ರೈವರ್ ಇಳಿದಿದೆ ಎಂದರು. ಆದರೆ ಹಾಕಿದ ಮೇಲೆ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಬೇಕಾಗಬಹುದು. ಹಾಗೆ ಮಾಡಿದರೆ ತುಂಬಿದ್ದೆಲ್ಲ ಹೋಗುತ್ತದೆ. "ಆರಿಸದೆ ಪ್ರಯತ್ನ ಮಾಡಪ್ಪಾ," ಎಂದರು ಮೇಡಂ. ಆತ ಬಲವಂತವಾಗಿ ಹಾಕಿದ್ದ ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಆರಿಸಬೇಕೇ ಎಂದು ಯಂತ್ರ ಕೇಳಿದಾಗ ಬೇಡ ಎಂದರು. ಪ್ರಾಂಶುಪಾಲರು ಕಾರ್ಯದರ್ಶಿಗಳ ತೋಳು ಹಿಡಿದು, ಒಂದು ನಿಮಿಷ ಸಾರ್ ಎಂದು ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದರು. ಸ್ಪೀಕರಿನಲ್ಲಿ ಚಟ್ ಎಂಬ ಸಣ್ಣ ಸದ್ದಾಯಿತು. ಮೇಡಂ ತಲೆ ಎಡಕ್ಕೆ ವಾಲಿತು. ತಾವೇ ಗುಂಡಿ ಒತ್ತಿ ಅಂಕದ ಪುಟಕ್ಕೆ ಮರಳಿದರು.

ಓದುವ ದನಿ ಬೆಳಿಗ್ಗೆಯಿಂದ ಒಳಗೊಳಗೇ ಮಾತಾಡುತ್ತಲೇ ಇತ್ತು, ಹೊರಗೆ ಕೇಳಿಸಿರಲಿಲ್ಲ ಅಷ್ಟೇ. ಈಗ ಕೇಳಿಸಿತು.

"ಸಬ್ಮಿಟ್, ಬಟನ್."

ಮೇಡಂ ಬೆಂಕಿ ತಗುಲಿದವರ ಹಾಗೆ ಕೀಬೋರ್ಡಿನಿಂದ ಕೈ ಕಿತ್ತುಕೊಂಡರು. ಅವರ ಲೆಕ್ಕದಲ್ಲಿ ಅದು 'ಸೇವ್' ಆಗಿರಬೇಕಿತ್ತು. ಸೇವ್ ಮಾಡಿದ್ದನ್ನು ತಿದ್ದಬಹುದು. ಸಬ್ಮಿಟ್ ಒತ್ತಿದರೆ ಅಂಕಗಳು ನೇರ ವಿಶ್ವವಿದ್ಯಾಲಯಕ್ಕೆ. ಆಮೇಲೆ ತಿದ್ದಲು ತಿಂಗಳುಗಟ್ಟಲೆ ಅಲೆದಾಟ. "ಒಂದು ಮನೆ ಮುಂದೆ ಬಂದ್ಬುಟ್ಟಿದೀನಿ," ಎಂದು ಗೊಣಗುತ್ತ ಅವರು ಹಿಂದಕ್ಕೆ ಹೋಗತೊಡಗಿದರು. ದನಿ ಒಂದೊಂದು ಹೆಸರು, ಒಂದೊಂದು ಅಂಕ ಹೇಳುತ್ತಿತ್ತು. ನಡುವೆ ಒಂದು ಕಡೆ ನಿಲ್ಲಿಸಿದರು. ಹಾಳೆಯ ಮೇಲೆ ಬೆರಳಿಟ್ಟು ಮತ್ತೆ ಕೇಳಿಸಿಕೊಂಡರು. ಹಾಳೆಯಲ್ಲಿದ್ದ ಒಬ್ಬ ವಿದ್ಯಾರ್ಥಿಯ ಹೆಸರು ಪುಟದಲ್ಲಿರಲಿಲ್ಲ. ಟಿ.ಸಿ. ತೆಗೆದುಕೊಂಡು ಹೋದ ಆತನನ್ನು ಆಫೀಸಿನವರು ಅಂದೇ ಬೆಳಿಗ್ಗೆ ಪಟ್ಟಿಯಿಂದ ತೆಗೆದಿದ್ದರು. ಅಲ್ಲಿಂದ ಕೆಳಗೆ ಪ್ರತಿಯೊಬ್ಬರಿಗೂ ಹಿಂದಿನವರ ಅಂಕ ಬಿದ್ದಿತ್ತು. ಪಾಸಾದವರು ಫೇಲು, ಫೇಲಾದವರು ಪಾಸು.

ಆ ಹೆಸರುಗಳು, ಅಂಕಗಳು ನಮ್ಮ ಕಣ್ಣ ಮುಂದೆಯೇ, ಅಷ್ಟಗಲದ ಪರದೆಯ ಮೇಲೆ ಬಿದ್ದಿದ್ದವು. ಕೋಣೆಯಲ್ಲಿ ಕಣ್ಣು ಕಾಣುವವರು ನಾಲ್ಕು ಜನ ಇದ್ದೆವು. ನಾಲ್ಕೂ ಜನ ನೋಡಿದ್ದು ಅವರ ಕೈಗಳನ್ನು.

ಮೇಡಂ ಎಲ್ಲವನ್ನೂ ತಿದ್ದಿ, ಮೊದಲಿನಿಂದ ಕೊನೆಯವರೆಗೆ ಕೇಳಿ, ಸೇವ್ ಮಾಡಿ, ಮತ್ತೆ ಕೇಳಿ, ಆಮೇಲೆ ಸಬ್ಮಿಟ್ ಒತ್ತಿದರು. ಕಾರ್ಯದರ್ಶಿಗಳು ಊಟಕ್ಕೆ ತಡವಾದದ್ದನ್ನು ಮರೆತು ನಿಂತೇ ಇದ್ದರು. ಹೋಗುವಾಗ ಏನಾದರೂ ಹೇಳಬೇಕಲ್ಲ ಎಂದು, "ಇವತ್ತೇನೋ ಮಾತು ಬಂತು ಮೇಡಂ. ಬರದೇ ಹೋಗಿದ್ರೆ?" ಎಂದರು.

"ಒತ್ತುತಾ ಇರ್ಲಿಲ್ಲ ಸಾರ್. ನಿಮ್ಮ ಚಾರ್ಜ್ ನಿಮಗೇ."

ಅವರು ಹೋದ ಮೇಲೆ ಮೇಡಂ ಕುರ್ಚಿಗೆ ಒರಗಿ ಸ್ವಲ್ಪ ಹೊತ್ತು ಅತ್ತರು. ಆಮೇಲೆ ನನ್ನ ಡಬ್ಬಿಯಲ್ಲಿದ್ದ ಚಕ್ಕುಲಿಯನ್ನೆಲ್ಲ ತಿಂದರು. ನಾನೇ ಡಬ್ಬಿಯನ್ನು ಅವರ ಕೈಯ ಹತ್ತಿರಕ್ಕೆ ಸರಿಸಿದೆ.

ಹೊಣೆ ಅವರಲ್ಲೇ ಉಳಿಯಿತು. ಹೆದರಿಕೆಯೂ ಉಳಿಯಿತು. ಆಮೇಲೂ ಬೆಳಿಗ್ಗೆ ಬಂದು ತಲೆ ವಾಲಿಸಿ ಕೂರುವುದು, ಡಬ್ಬಿಯ ಬೆನ್ನು ಸವರುವುದು, ಭಾನುವಾರದ ಫೋನು, ಯಾವುದೂ ತಪ್ಪಲಿಲ್ಲ. ನಾನು ಮಾತ್ರ ಅದಕ್ಕೆ ನಗುವುದನ್ನು ಬಿಟ್ಟೆ.

ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೈಕಿನ ಮುಂದೆ ನಿಂತ ಮೇಡಂ ಮೊದಲು ಅದನ್ನು ಬೆರಳಲ್ಲಿ ತಟ್ಟಿ, ಮಾತು ಬರುತ್ತಿದೆಯೇ ಎಂದು ಕೇಳಿಸಿಕೊಂಡರು. ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿತು. ಪರೀಕ್ಷಾ ವಿಭಾಗದ ಹೊಣೆ ಈಗ ನನ್ನ ಹೆಗಲಿಗೆ ಬಂದಿದೆ.

ಮೊನ್ನೆ ಅವರ ಕಂಪ್ಯೂಟರನ್ನು ಒರೆಸಿ, ಹೊಸದಾಗಿ ಸಿದ್ಧಮಾಡಿ ನನಗೆ ಕೊಟ್ಟರು. ಬಂದವರು ಅದೇ ಮಂಡಕಳ್ಳಿಯ ರಿಪೇರಿಯವರು; ಈಗ ಮೀಸೆ ನರೆತಿದೆ. "ಎಲ್ಲ ಆಯ್ತು ಮೇಡಂ. ಒಂದು ಹಳದಿ ಗುರುತೂ ಇಲ್ಲ," ಎಂದರು. ಕೂತೆ. ಅಂಕದ ಪುಟ ತೆರೆದು ಒಂದು ತರಗತಿಯದನ್ನು ತುಂಬಿದೆ. ಪರದೆ ಶುಭ್ರವಾಗಿತ್ತು, ಅಕ್ಷರ ದೊಡ್ಡದಾಗಿತ್ತು, ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಸಬ್ಮಿಟ್ ಮೇಲೆ ಬಾಣ ತಂದಿಟ್ಟೆ. ಬೆರಳು ಇಳಿಯಲಿಲ್ಲ. ಅಂಗೈ ಬೆವರಿತು, ಎದೆ ಹೊಡೆದುಕೊಳ್ಳತೊಡಗಿತು. ಆಮೇಲೆ ನೋಡಿಕೊಂಡರೆ ನನ್ನ ತಲೆ ಎಡಕ್ಕೆ ವಾಲಿತ್ತು.

"ಇದಕ್ಕೆ ಮಾತು ಬರ್ತಿಲ್ಲ. ಬರ್ಸಿ," ಎಂದೆ.

ಹೊರಡಲು ಚೀಲ ಹೆಗಲಿಗೇರಿಸಿದ್ದವರು ತಿರುಗಿ ನೋಡಿದರು. "ಆ ಮೇಡಂ ಹೋದ್ರಲ್ಲ ಅಂತ ಸೌಂಡ್ ಹಾಕ್ಲಿಲ್ಲ. ನಿಮಗ್ಯಾಕೆ ಮೇಡಂ? ನಿಮಗೆ ಕಣ್ಣು ಕಾಣುತ್ತಲ್ಲ."

"ಅವತ್ತೂ ಕಾಣ್ತಿತ್ತಲ್ಲಪ್ಪಾ," ಎಂದೆ, "ನನಗೂ, ನಿಮಗೂ."